ಹಳೆ ಕಟ್ಟಡಕ್ಕೆ ಬೀಗವೊಂದೇ ಗತಿಯೇ?

ಜೇವರ್ಗಿಯ ನಮ್ಮ ಶಾಲೆಯ ಮಕ್ಕಳನ್ನು ಸಿಂದಗಿ ಮೇಲಿಂದ ವಿಜಯಪುರಕ್ಕೆ ಕರೆದೊಯ್ದಾಗಲೆಲ್ಲ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗಿಂತ ಅದರ ಮುಂದಿರುವ ನಗಾರಖಾನೆಯಲ್ಲೇ ಹೆಚ್ಚು ಹೊತ್ತು ನಿಲ್ಲಿಸುತ್ತೇನೆ. ನಗಾರಿ ಬಾರಿಸಲೆಂದು ಕಟ್ಟಿದ್ದು, 1892ರಿಂದ ವಸ್ತುಸಂಗ್ರಹಾಲಯ. ಶಾಸನ, ಹಸ್ತಪ್ರತಿ, ರತ್ನಗಂಬಳಿ, ಚೀನಾದ ಪಿಂಗಾಣಿ ಎಲ್ಲ ಅಲ್ಲಿವೆ. ಅದೇ ಊರಿನಲ್ಲಿ ಬ್ರಿಟಿಷರು ಒಂದು ಮಸೀದಿಯನ್ನು ಅಂಚೆ ಕಚೇರಿ, ಇನ್ನೊಂದನ್ನು ಪ್ರವಾಸಿ ಬಂಗಲೆ ಮಾಡಿಕೊಂಡಿದ್ದರು. ವೈಸ್‌ರಾಯ್ ಕರ್ಜನ್ ಎರಡನ್ನೂ ತೆರವು ಮಾಡಿಸಿದ. 1904ರ ಸ್ಮಾರಕ ಸಂರಕ್ಷಣಾ ಕಾಯ್ದೆಯೂ ಅವನ ಕಾಲದ್ದೇ. ಹಾಗೆಂದು ಹಳೆ ಕಟ್ಟಡದ ಹೊಸ ಬಳಕೆಯೆಲ್ಲ ತಪ್ಪಲ್ಲ.

ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ 13ನೇ ಶತಮಾನದ ಡೊಮಿನಿಕನ್ ಚರ್ಚು 2006ರಿಂದ ಪುಸ್ತಕದಂಗಡಿ. ಕಪಾಟುಗಳ ಉಕ್ಕಿನ ಅಟ್ಟ ಗೋಡೆಯ ಆಸರೆಯಿಲ್ಲದೆ ತಾನೇ ನಿಂತಿದೆ. ನಾಳೆ ಬಿಚ್ಚಿದರೂ ಚರ್ಚಿಗೆ ಏನೂ ಆಗದು. ಹೊಸ ಬಳಕೆ ಎಂದರೆ ಹೀಗಿರಬೇಕು.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಕಲ್ಲಿನ ಹಳೆ ಚಾವಡಿ, ವಾಡೆಗಳು ಇನ್ನೂ ಗಟ್ಟಿಯಾಗಿವೆ. ಪೂಜೆ, ನಮಾಜು, ಪ್ರಾರ್ಥನೆ ನಡೆಯುವ ಜಾಗ ಹಾಗೇ ಇರಲಿ; ಖಾಲಿ ಬಿದ್ದ ಕಟ್ಟಡಗಳಲ್ಲಿ ಮಕ್ಕಳಿಗೆ ಓದುವ ಕೋಣೆ ತೆರೆಯಿರಿ. ಗೋಡೆಗೆ ಮೊಳೆ ಹೊಡೆಯಬೇಡಿ, ಕಲ್ಲಿಗೆ ಆಯಿಲ್ ಪೇಂಟ್ ಬಳಿಯಬೇಡಿ. ಅಂಥ ಕಟ್ಟಡಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳು ಈ ವರ್ಷವೇ ಮಾಡಲಿ.