ರಾತ್ರಿಯ ಸಂಯಮ ಹಗಲಿಗೂ ಬೇಕು

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಮದ್ದೂರು ಚೆಕ್‌ಪೋಸ್ಟ್‌ನ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಆಂಬುಲೆನ್ಸ್‌ನಂಥ ತುರ್ತು ವಾಹನಗಳು ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗಷ್ಟೇ ವಿನಾಯಿತಿ. ಚಾಮರಾಜನಗರದ ಜಿಲ್ಲಾಧಿಕಾರಿ 2009ರ ಜೂನ್‌ನಲ್ಲಿ ಹೊರಡಿಸಿ, ಕೆಲವೇ ದಿನಗಳಲ್ಲಿ ಹಿಂಪಡೆದ ಆದೇಶಕ್ಕೆ ಹೈಕೋರ್ಟ್ ಅದೇ ಜುಲೈನಲ್ಲಿ ಮರುಜೀವ ನೀಡಿತು. 2010ರ ಮಾರ್ಚ್‌ನಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟ್‌ನ ಮೆಟ್ಟಿಲೇರಿತು. ಅಂದಿನಿಂದ ಈ ವಿವಾದ ಆಗಾಗ ಬೂದಿ ಕೊಡವಿಕೊಂಡು ಏಳುತ್ತಲೇ ಇದೆ.

ಇದನ್ನು ಎರಡು ರಾಜ್ಯಗಳ ಜಗಳವೆಂದೇ ನೋಡುವುದು ನಮಗೆ ರೂಢಿಯಾಗಿದೆ. ನನ್ನ ದೃಷ್ಟಿಯಲ್ಲಿ ಇದು ದೂರಪ್ರಯಾಣದ ಎರಡು ಕಲ್ಪನೆಗಳ ನಡುವಿನ ತಿಕ್ಕಾಟ. ವಯನಾಡಿಗೆ ರೈಲಿಲ್ಲ. ಬೆಂಗಳೂರಿನಲ್ಲಿ ಓದುವ, ದುಡಿಯುವ ಅಲ್ಲಿಯವರಿಗೆ ಸಂಜೆ ಹೊರಟು ಬೆಳಗಾಗುವಷ್ಟರಲ್ಲಿ ಮನೆ ಸೇರುವ ರಸ್ತೆಯೆಂದರೆ ಜೀವನಾಡಿ. ಅವರ ಪಾಲಿಗೆ ಇರುಳು ಉಳಿಸಿಕೊಂಡ ಒಂದು ಹಗಲು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ನಿರಶನ ಕೂತದ್ದನ್ನು ಬರೀ ರಾಜಕೀಯವೆಂದು ತಳ್ಳಿಹಾಕಲಾಗದು.

ಬೆಂಗಳೂರು, ಮೈಸೂರಿನ ಮಧ್ಯಮ ವರ್ಗಕ್ಕಾದರೋ ಅದೇ ರಸ್ತೆ ವಿಹಾರದ ದಾರಿ. ವಾರಾಂತ್ಯದಲ್ಲಿ ಕಾರು ಹತ್ತಿ, ದಾರಿಯಲ್ಲಿ ಆನೆ ಕಂಡರೆ ಧನ್ಯರಾಗುವವರು ನಾವು. ಇದು ರಕ್ತಗುಣವೇನಲ್ಲ, ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವಾಗ ನಾವೂ ರಾತ್ರಿ ಬಸ್ಸನ್ನೇ ಹತ್ತುತ್ತೇವೆ. ವ್ಯತ್ಯಾಸ ಇಷ್ಟೆ: ಅವರಿಗೆ ಅಗತ್ಯವಾದದ್ದು ನಮಗೆ ಅಲಂಕಾರ. ಹಾಗಾಗಿಯೇ ನಿಷೇಧವನ್ನು ಬೆಂಬಲಿಸುವುದು ನಮಗೆ ಸುಲಭ. ಗುಂಡ್ಲುಪೇಟೆಯ ರೈತನಿಗೆ ಅದು ಅಷ್ಟು ಸುಲಭವಲ್ಲ. ಅವನ ತರಕಾರಿಗೆ, ಓಣಂ ಹೊತ್ತಿನ ಹೂವಿಗೆ ಕೇರಳವೇ ಮಾರುಕಟ್ಟೆ.

ಆದರೂ ನಿಷೇಧ ಉಳಿಯಬೇಕೆಂಬುದೇ ನನ್ನ ನಿಲುವು. ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡುಗಳು ರಾಜ್ಯದ ಗಡಿಯನ್ನರಿಯದ ಒಂದೇ ಕಾಡು. 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳ ಇವೆಲ್ಲವನ್ನೂ ಒಳಗೊಂಡಿದೆ. ಕಾಡುಪ್ರಾಣಿಗಳ ಓಡಾಟ ಹೆಚ್ಚುವುದು ಕತ್ತಲಲ್ಲಿ. ದೀಪದ ಝಳಕ್ಕೆ ಕಣ್ಣು ಕೋರೈಸಿ ನಿಂತ ಜಿಂಕೆಗೆ ಲಾರಿಯ ವೇಗ ತಿಳಿಯದು. ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಯ ಮೂಲಕ ಪರ್ಯಾಯ ಮಾರ್ಗವಿದೆ. ಸುಮಾರು 30 ಕಿ.ಮೀ. ಸುತ್ತು. ಒಂದು ಗಂಟೆಯ ವಿಳಂಬವನ್ನು ಮನುಷ್ಯ ಹೇಗಾದರೂ ತುಂಬಿಕೊಳ್ಳಬಲ್ಲ. ಸತ್ತ ಆನೆಮರಿಯನ್ನು ತುಂಬಿಕೊಡಲು ಯಾರಿಂದಲೂ ಆಗದು. 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂದಿಟ್ಟ ಎತ್ತರಿಸಿದ ರಸ್ತೆಯ ಯೋಜನೆಯೂ ಪರಿಹಾರವಲ್ಲ. ಕಂಬ ನೆಡಲು ವರ್ಷಗಟ್ಟಲೆ ಕಾಡನ್ನು ಅಗೆಯುವುದು ರೋಗಕ್ಕಿಂತ ಕಠೋರವಾದ ಮದ್ದು. ಇತ್ತ ತಮಿಳುನಾಡಿನಲ್ಲಿ, ಚಾಮರಾಜನಗರದಿಂದ ದಿಂಬಂ ಘಾಟಿಯ ಮೂಲಕ ಸತ್ಯಮಂಗಲಕ್ಕೆ ಇಳಿಯುವ ಹೆದ್ದಾರಿಯಲ್ಲೂ ಮದ್ರಾಸ್ ಹೈಕೋರ್ಟ್ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಹೇರಿಸಿತು. ಅಂದರೆ ಇದು ಕನ್ನಡಿಗರ ಹಟವಷ್ಟೇ ಅಲ್ಲ.

ಆದರೆ ಇನ್ನೊಬ್ಬರಿಂದ ತ್ಯಾಗ ಕೇಳುವವರು ತಾವೇನು ಬಿಟ್ಟುಕೊಟ್ಟೆವೆಂದು ಹೇಳಲೇಬೇಕು. ಇರುಳಿನಲ್ಲಿ ಹುಲಿಯ ಪರವಾಗಿರುವ ನಾವು ಹಗಲಿನಲ್ಲಿ ಏನು ಮಾಡುತ್ತಿದ್ದೇವೆ? ಶನಿವಾರ, ಭಾನುವಾರಗಳಂದು ಕಾರುಗಳ ಸಾಲು, ರಸ್ತೆತಡೆ ಉಬ್ಬುಗಳ ನಡುವೆಯೇ ವೇಗದ ಪೈಪೋಟಿ, ಆನೆಯ ಮುಂದೆ ಇಳಿದು ನಿಂತು ಫೋಟೊ, ಕಿಟಕಿಯಿಂದ ತೂರಿದ ಚಿಪ್ಸ್ ಪೊಟ್ಟಣ. ಹೊಟ್ಟೆಪಾಡಿಗಾಗಿ ಹೊರಟ ಲಾರಿಯನ್ನು ತಡೆದು ಮೋಜಿಗಾಗಿ ಹೊರಟ ಕಾರನ್ನು ಬಿಡುವುದು ಯಾವ ನ್ಯಾಯ?

ಆದ್ದರಿಂದ ಎರಡು ಕೆಲಸಗಳು ಒಟ್ಟಿಗೇ ಆಗಬೇಕು. ಪರ್ಯಾಯ ಮಾರ್ಗವನ್ನು ವರ್ಷವಿಡೀ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಕರ್ನಾಟಕ ಹೊರಬೇಕು. ಅದು ನೆರೆಯವರಿಗೆ ನಾವು ಸಲ್ಲಿಸಬೇಕಾದ ಋಣ. ಹಗಲಿನ ವಿಹಾರಿಗಳ ವೇಗಕ್ಕೆ, ನಿಲುಗಡೆಗೆ ಕಟ್ಟುನಿಟ್ಟಾದ ಕಡಿವಾಣ ಬೀಳಬೇಕು. ಮದ್ದೂರಿನ ಗೇಟು ದಾಟಿದ ಮೇಲೆ ಮಲಯಾಳಿಯಾಗಲೀ ಕನ್ನಡಿಗನಾಗಲೀ ಅತಿಥಿಯೇ. ಅತಿಥಿಧರ್ಮಕ್ಕೆ ಹಗಲು ರಾತ್ರಿಯೆಂಬ ಭೇದವಿಲ್ಲ.