ಕೆಂಪೋ ಹಸಿರೋ?

ಮಕ್ಕಳೇ, ಮಕ್ಕಳ ಅಜ್ಜ ಅಜ್ಜಿಯರೇ,

ಈ ವಾರ ನಮ್ಮ ಮನೆಯ ಒಂದು ಪಂಚಾಯಿತಿಯ ಕಥೆ ಹೇಳುತ್ತೇನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಚೆಕ್ಕು, ಡಿ.ಡಿ., ಠೇವಣಿ ಎಂದರೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೆ ಪಿಯುಸಿ ಓದುತ್ತಿರುವ ಮೊಮ್ಮಗ ಪುಟ್ಟ ಬಂದು, "ತಾತ, ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ತಗೋಬೇಕು. ಕೆಂಪು ತಗೊಳ್ಳೋದಾ, ಹಸಿರಾ? ನೀನೇ ಹೇಳು" ಅಂದಾಗ ಕಣ್ಣು ಕಣ್ಣು ಬಿಟ್ಟೆ.

ನನ್ನನ್ನು ಕೇಳಿದ್ದಕ್ಕೆ ಕಾರಣವಿತ್ತು. ಮಕ್ಕಳ ಅಜ್ಜಿ ಕೂಡಿಟ್ಟಿದ್ದ ಒಂದು ಠೇವಣಿ ಆ ತಿಂಗಳು ಅವಧಿ ಮುಗಿಯುತ್ತಿತ್ತು. ಬಡ್ಡಿ ಸೇರಿ 75 ಸಾವಿರ ರೂಪಾಯಿ. ಅವಳು ಹೋಗಿ ಎರಡು ವರ್ಷವಾಯಿತು. ಅವಳ ದುಡ್ಡನ್ನು ಗೊತ್ತಿಲ್ಲದ ಸಾಮಾನಿಗೆ ಸುರಿಯುವುದು ನನಗೆ ಬೇಕಿರಲಿಲ್ಲ. "ಮೊದಲು ನನಗೆ ಪಾಠ ಹೇಳು, ಆಮೇಲೆ ದುಡ್ಡು" ಎಂದೆ.

ಪುಟ್ಟ ಹೇಳಿದ್ದನ್ನು ನನಗೆ ತಿಳಿದ ಹಾಗೆ ನಿಮಗೂ ಹೇಳುತ್ತೇನೆ. ಕಂಪ್ಯೂಟರ್ ಪರದೆ ಎಂದರೆ ಅಂಗಳದ ತುಂಬ ಇಟ್ಟ ರಂಗೋಲಿ ಚುಕ್ಕಿ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿ. ಗುಣಿಸಿದರೆ 20,73,600. 4ಕೆ ಎನ್ನುವ ಪರದೆಯಲ್ಲಿ ಅಡ್ಡಕ್ಕೆ 3840, ಮೇಲಿಂದ ಕೆಳಕ್ಕೆ 2160. ಅಂದರೆ 82,94,400. ಸರಿಯಾಗಿ ನಾಲ್ಕು ಪಟ್ಟು! ಆಟ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಬರಬೇಕಂತೆ. ಹಾಗಾದರೆ ಒಂದೊಂದು ಸೆಕೆಂಡಿಗೂ 49,76,64,000 ಚುಕ್ಕಿಗೆ ಬಣ್ಣ ಹಾಕಬೇಕು. ನಾನು ಕಾಗದದ ಮೇಲೆ ಗುಣಿಸಿದೆ, ಪುಟ್ಟ ಮೊಬೈಲಿನಲ್ಲಿ ತಾಳೆ ನೋಡಿದ. ಇಬ್ಬರದೂ ಒಂದೇ ಬಂತು.

ಇಷ್ಟು ಕೆಲಸವನ್ನು ಯಾರು ಮಾಡುತ್ತಾರೆ? ನಮ್ಮ ಕಾಲದಲ್ಲಿ ಬ್ಯಾಂಕಿನ ಅರ್ಧವಾರ್ಷಿಕ ಬಡ್ಡಿ ಲೆಕ್ಕವನ್ನು ಒಬ್ಬರೇ ಬರೆಯುತ್ತಿರಲಿಲ್ಲ. ಲೆಡ್ಜರುಗಳನ್ನು ಹಂಚಿಕೊಂಡು ಎಲ್ಲರೂ ಒಟ್ಟಿಗೆ ಕೂರುತ್ತಿದ್ದೆವು. ಗ್ರಾಫಿಕ್ಸ್ ಕಾರ್ಡ್ ಕೂಡ ಹಾಗೆಯೇ. ಅದರೊಳಗೆ ಸಾವಿರಾರು ಪುಟ್ಟ ಗುಮಾಸ್ತರು ಒಟ್ಟಿಗೆ ಲೆಕ್ಕ ಮಾಡುತ್ತಾರೆ. ಅವರು ಲೆಡ್ಜರು ಬಿಚ್ಚಿಡುವ ಮೇಜೇ ಕಾರ್ಡಿನ ಮೆಮೊರಿ. ಮೇಜು ಚಿಕ್ಕದಾದರೆ ಪದೇ ಪದೇ ದಾಖಲೆ ಕೋಣೆಗೆ ಓಡಬೇಕು. ಆಗ ಆಟ ತಡವರಿಸುತ್ತದೆ.

ಇನ್ನು ಬಣ್ಣದ ವಿಷಯ. ಹಸಿರು ಎಂದರೆ ಎನ್‌ವಿಡಿಯಾ, 1993ರಲ್ಲಿ ಶುರುವಾದ ಕಂಪನಿ. ಕೆಂಪು ಎಂದರೆ ಎಎಂಡಿ, 1969ರದು. ಅದು 2006ರಲ್ಲಿ ಕೆನಡಾದ ಎಟಿಐ ಎಂಬ ಕಂಪನಿಯನ್ನು ಕೊಂಡು ಗ್ರಾಫಿಕ್ಸ್ ವ್ಯವಹಾರಕ್ಕೆ ಬಂತು. ಎರಡರ ಮುಖ್ಯ ಕಚೇರಿಯೂ ಅಮೆರಿಕದ ಸಾಂತಾ ಕ್ಲಾರಾ ಊರಿನಲ್ಲಿ. ಹಸಿರಿನ ಮುಖ್ಯಸ್ಥ ಜೆನ್ಸನ್ ಹುವಾಂಗ್, ಕೆಂಪಿನ ಮುಖ್ಯಸ್ಥೆ ಲೀಸಾ ಸು ಇಬ್ಬರೂ ತೈವಾನಿನಲ್ಲಿ ಹುಟ್ಟಿದವರು. ಇಬ್ಬರ ಹೊಸ ಚಿಪ್ಪುಗಳನ್ನು ಮಾಡಿಕೊಡುವುದೂ ತೈವಾನಿನ ಟಿಎಸ್‌ಎಂಸಿ ಎಂಬ ಒಂದೇ ಕಂಪನಿ. ಇಷ್ಟಾದರೂ ಪುಟ್ಟನ ಗೆಳೆಯರು ಬಣ್ಣದ ಹೆಸರಿನಲ್ಲಿ ಮಾತು ಬಿಡುವಷ್ಟು ಜಗಳವಾಡುತ್ತಾರೆ!

ನಾವು ಅಂಗಡಿಯಲ್ಲಿ ವಿಚಾರಿಸಿದ್ದು ಎರಡು ಕಾರ್ಡು. ಹಸಿರಿನದು ಆರ್‌ಟಿಎಕ್ಸ್ 5070, ಕೆಂಪಿನದು ಆರ್‌ಎಕ್ಸ್ 9070. ಎರಡೂ ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚ್ ಮೊದಲ ವಾರದಲ್ಲಿ. ಅಮೆರಿಕದಲ್ಲಿ ಕಂಪನಿಗಳು ಹೇಳಿದ ಬೆಲೆಯೂ ಒಂದೇ, 549 ಡಾಲರ್. ನಮ್ಮ ಎಸ್.ಪಿ. ರಸ್ತೆಯ ಅಂಗಡಿಯವರು ತೆರಿಗೆ ಸೇರಿಸಿ ಎರಡಕ್ಕೂ 60 ಸಾವಿರದ ಆಸುಪಾಸು ಹೇಳಿದರು. ಮನೆಗೆ ಬಂದು ಹಳೆಯ ಅಭ್ಯಾಸದಂತೆ ಕಾಗದದ ನಡುವೆ ಗೆರೆ ಎಳೆದೆ.

ಹಸಿರಿನಲ್ಲಿ 6144 ಗುಮಾಸ್ತರು, ಕೆಂಪಿನಲ್ಲಿ 3584. "ಹಸಿರೇ ಗೆದ್ದಿತು!" ಅಂದೆ. ಪುಟ್ಟ ನಕ್ಕ. "ತಾತ, ಅದು ರೂಪಾಯಿ ಮತ್ತು ಡಾಲರ್ ನೋಟು ಎಣಿಸಿ ಹೋಲಿಸಿದ ಹಾಗೆ. ಇಬ್ಬರು ಕೆಲಸ ಮಾಡೋ ರೀತಿಯೇ ಬೇರೆ." ಸರಿ, ಆ ಸಾಲು ಹೊಡೆದು ಹಾಕಿದೆ.

ಮೆಮೊರಿ ಹಸಿರಿನಲ್ಲಿ 12 ಜಿಬಿ, ಕೆಂಪಿನಲ್ಲಿ 16. ಈಚಿನ ಕೆಲವು ದೊಡ್ಡ ಆಟಗಳನ್ನು 4ಕೆಯಲ್ಲಿ ಪೂರ್ತಿ ಅಲಂಕಾರದೊಂದಿಗೆ ಆಡಿದರೆ 12 ಸಾಲದೆ ಹೋಗಬಹುದು. ಇಲ್ಲಿ ಕೆಂಪಿಗೆ ಅಂಕ.

ವಿದ್ಯುತ್ತು ಹಸಿರಿಗೆ 250 ವ್ಯಾಟ್, ಕೆಂಪಿಗೆ 220. ದಿನಕ್ಕೆ ಎರಡು ಗಂಟೆ ಆಡಿದರೂ ವರ್ಷಕ್ಕೆ 22 ಯೂನಿಟ್ಟಿನಷ್ಟು ವ್ಯತ್ಯಾಸ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಎರಡಕ್ಕೂ ಕಂಪನಿಗಳು 650 ವ್ಯಾಟಿನ ಪವರ್ ಸಪ್ಲೈ ಇರಲಿ ಎನ್ನುತ್ತವೆ. ನಮ್ಮದು 450ರದು. ಅದನ್ನೂ ಬದಲಿಸಬೇಕು. ಕಾರ್ಡಿನ ಬೆಲೆಗೆ ಈ ಖರ್ಚನ್ನು ಕೂಡದೆ ಅಂಗಡಿಗೆ ಹೋದವರು ದಾರಿಯಲ್ಲಿ ಸಾಲ ಕೇಳಬೇಕಾಗುತ್ತದೆ.

ಆಮೇಲೆ ಜಾಹೀರಾತಿನ ಮಾತು. ಹಸಿರಿನವರು ಒಂದು ನಿಜವಾದ ಚಿತ್ರಕ್ಕೆ ಮೂರು ಚಿತ್ರಗಳನ್ನು ಊಹಿಸಿ ಸೇರಿಸುತ್ತೇವೆ, ಆಟ ಇನ್ನೂ ಸರಾಗ ಎನ್ನುತ್ತಾರೆ. ನಾನು ನಮ್ಮ ಹಾಲಿನ ಟಿವಿಯ ಪುಸ್ತಕ ತೆಗೆದು ನೋಡಿದೆ. ಪುಟ್ಟ ಆಡಬೇಕೆಂದಿದ್ದು ಅದರಲ್ಲೇ. 4ಕೆ ಹೌದು, ಆದರೆ ಅದು ತೋರಿಸುವುದು ಸೆಕೆಂಡಿಗೆ 60 ಚಿತ್ರ ಮಾತ್ರ. ಕಾರ್ಡು 200 ಕೊಟ್ಟರೂ ನಮಗೆ ಕಾಣುವುದು 60. ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ಆ ಅಂಕವನ್ನೂ ಹೊಡೆದೆ.

ಹೀಗೆ ಮೂರು ದಿನ ಲೆಕ್ಕ ಹಾಕಿ, 16 ಜಿಬಿ ಇರುವ ಕೆಂಪೇ ಸರಿ ಎಂದು ತೀರ್ಮಾನಿಸಿದೆ. ಪುಟ್ಟ ಕುಣಿದಾಡಿದ. ಮಾರನೆಯ ಬೆಳಿಗ್ಗೆ ಬ್ಯಾಂಕಿಗೆ ಹೊರಟು ಬೀರುವಿನಿಂದ ಠೇವಣಿ ರಸೀದಿಯ ಲಕೋಟೆ ತೆಗೆದೆ. ಅದರ ಹಿಂದೆ ಪೆನ್ಸಿಲಿನಲ್ಲಿ ಅವಳ ಅಕ್ಷರ: "ಮಕ್ಕಳಿಬ್ಬರ ಕಂಪ್ಯೂಟರಿಗೆ."

ಇಬ್ಬರ! ಒಂಬತ್ತನೇ ತರಗತಿಯ ಪುಟ್ಟಿಯನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಜಂಟಿ ಖಾತೆಗೆ ಎರಡು ಸಹಿ ಬೇಕು ಎಂದು ಕೌಂಟರಿನಲ್ಲಿ ಎಷ್ಟು ಜನರನ್ನು ವಾಪಸ್ ಕಳಿಸಿದ್ದೇನೋ! ಚಪ್ಪಲಿ ಬಿಚ್ಚಿ ಒಳಗೆ ಬಂದೆ.

"ಪುಟ್ಟೀ, ನಿನಗೆ ಕಂಪ್ಯೂಟರಲ್ಲಿ ಏನು ಬೇಕಮ್ಮ?" ಎಂದೆ. "ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ ತಾತ" ಅಂದಳು. ಆಮೇಲೆ ಅವಳ ಅಪ್ಪನ ಹಳೇ ಲ್ಯಾಪ್‌ಟಾಪ್ ತಂದು ತೋರಿಸಿದಳು. ಬ್ಲೆಂಡರ್ ಎಂಬ ತಂತ್ರಾಂಶವಂತೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ನಮ್ಮ ಊರ ಮನೆಯ ಜಗಲಿ, ಕಂಬ, ಕಂಬದ ನೆರಳು ಎಲ್ಲ ಕಟ್ಟಿದ್ದಳು. "ಒಂದು ಚಿತ್ರ ಮುಗಿಯೋಕೆ ಇದರಲ್ಲಿ ರಾತ್ರಿಯೆಲ್ಲ ಬೇಕು. ಅದಕ್ಕೇ ಅರ್ಧಕ್ಕೇ ಬಿಟ್ಟಿದೀನಿ" ಅಂದಳು.

ಕಾಗದ ಮತ್ತೆ ಬಿಚ್ಚಿದೆ. ಬ್ಲೆಂಡರ್ ಎರಡು ಕಾರ್ಡಿನಲ್ಲೂ ನಡೆಯುತ್ತದೆ. ಆದರೆ ಎನ್‌ವಿಡಿಯಾದವರು 2007ರಿಂದಲೇ ಕುಡಾ ಎಂಬ ವ್ಯವಸ್ಥೆ ಮಾಡಿ, ಆಟದ ಹೊರಗಿನ ಕೆಲಸಗಳಿಗೂ ಕಾರ್ಡನ್ನು ಪಳಗಿಸಿದ್ದಾರೆ. ಹೀಗಾಗಿ ಒಂದೇ ಬೆಲೆಯ ಕಾರ್ಡುಗಳಲ್ಲಿ ಬ್ಲೆಂಡರ್ ಚಿತ್ರ ಹಸಿರಿನಲ್ಲೇ ಬೇಗ ಮುಗಿಯುತ್ತದೆ. ಕೆಂಪು ತಂದರೆ ಪುಟ್ಟನಿಗೆ ನಾಲ್ಕು ಜಿಬಿ ಹೆಚ್ಚು, ಹಸಿರು ತಂದರೆ ಪುಟ್ಟಿಗೆ ಸಮಯ ಉಳಿತಾಯ. ವೇಗ ಕಡಿಮೆಯಾಗದೆ ಎರಡೂ ಒಂದೇ ಕಾರ್ಡಿನಲ್ಲಿ ಬೇಕೆಂದರೆ ಅಜ್ಜಿಯ ದುಡ್ಡು ಸಾಲದು.

ನಾನು ತೀರ್ಪು ಕೊಡಲಿಲ್ಲ. ಕಾಗದವನ್ನು ಇಬ್ಬರ ನಡುವೆ ಇಟ್ಟೆ. ಪುಟ್ಟ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಹೇಳಿದ. ಎರಡೂ ಕಂಪನಿಯವರು ಚಿಕ್ಕ ಚಿತ್ರ ಬರೆದು ಅದನ್ನು ದೊಡ್ಡದು ಮಾಡುವ ಉಪಾಯ ಇಟ್ಟಿದ್ದಾರಂತೆ. ಹಸಿರಿನದಕ್ಕೆ ಡಿಎಲ್‌ಎಸ್‌ಎಸ್, ಕೆಂಪಿನದಕ್ಕೆ ಎಫ್‌ಎಸ್‌ಆರ್ ಎಂದು ಹೆಸರು. ಕಾರ್ಡು ಫುಲ್ ಎಚ್‌ಡಿಯಷ್ಟು, ಅಂದರೆ 4ಕೆಯ ಕಾಲುಭಾಗ ಚುಕ್ಕಿಯನ್ನಷ್ಟೇ ಬರೆದು 4ಕೆ ಪರದೆ ತುಂಬಿಸಬಲ್ಲದು. "ಸೋಫಾದ ಮೇಲೆ ಕೂತರೆ ವ್ಯತ್ಯಾಸ ಅಷ್ಟೇನೂ ಗೊತ್ತಾಗಲ್ಲ ತಾತ. ಮೆಮೊರಿ ಸಾಲದಿದ್ದರೆ ಅಲಂಕಾರ ಒಂದು ಮೆಟ್ಟಿಲು ಇಳಿಸ್ತೀನಿ. ಹಸಿರೇ ತರೋಣ." ಪುಟ್ಟಿ ಕೂಡಲೇ ಒಂದು ಷರತ್ತು ಹಾಕಿದಳು. ಸಂಜೆ ಏಳರವರೆಗೆ ಕಂಪ್ಯೂಟರ್ ಅವಳದು.

ಹಸಿರು ಬಂತು, ಹೊಸ ಪವರ್ ಸಪ್ಲೈಯೂ ಬಂತು. ಉಳಿದ ದುಡ್ಡನ್ನು ಇಬ್ಬರ ಹೆಸರಿನಲ್ಲಿ ಮತ್ತೆ ಠೇವಣಿ ಇಟ್ಟೆ. ಜಗಲಿಯ ಚಿತ್ರ ಈಗ ಪೂರ್ತಿಯಾಗಿ ನಮ್ಮ ಹಾಲಿನ ಗೋಡೆಯ ಮೇಲಿದೆ.

ಅಜ್ಜ ಅಜ್ಜಿಯರೇ, ನಮ್ಮ ಮನೆಗೆ ಹಸಿರು ಬಂತೆಂದು ನಿಮ್ಮ ಮನೆಗೂ ಅದೇ ಸರಿ ಎನ್ನಬೇಡಿ. ಬರೀ ಆಟವೇ ಆಗಿದ್ದರೆ, ಅದೂ 4ಕೆಯಲ್ಲಿ, ನಾನು ಕೆಂಪನ್ನೇ ತರುತ್ತಿದ್ದೆ. ಮೊಮ್ಮಕ್ಕಳು ಕೇಳಿದಾಗ ಕಾರ್ಡಿನ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಯಾವ ಪರದೆ, ಏನು ಕೆಲಸ, ಪವರ್ ಸಪ್ಲೈ ಎಷ್ಟರದು, ಮನೆಯಲ್ಲಿ ಇನ್ನಾರು ಅದರ ಮುಂದೆ ಕೂರುತ್ತಾರೆ, ಈ ನಾಲ್ಕನ್ನು ಕೇಳಿ. ನಾಲ್ಕನೆಯದನ್ನು ಮೊದಲು ಕೇಳಿ. ನಾನು ಕಡೆಯಲ್ಲಿ ಕೇಳಿ ನಾಚಿದೆ.

ಮಕ್ಕಳೇ, ನಿಮಗೊಂದು ಲೆಕ್ಕ. 2560 ಅಡ್ಡ, 1440 ಉದ್ದ ಚುಕ್ಕಿಯ ಪರದೆಯೂ ಸಿಗುತ್ತದೆ. ಅದರಲ್ಲಿ ಒಟ್ಟು ಎಷ್ಟು ಚುಕ್ಕಿ? ಅದು 4ಕೆ ಪರದೆಯ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಕಾಗದದ ಮೇಲೆ ಗುಣಿಸಿ. ಮೊಬೈಲಿನಲ್ಲಿ ತಾಳೆ ನೋಡುವ ಕೆಲಸ ತಾತನಿಗೋ ಅಜ್ಜಿಗೋ ಬಿಡಿ.