ಉಂಡ ಮೇಲೂ ಸಕ್ಕರೆ ಇಳಿದೀತು!

‘ಈಗ ತಾನೆ ಹೊಟ್ಟೆ ತುಂಬ ಉಂಡಿದ್ದಾನೆ, ಅಷ್ಟರಲ್ಲೇ ಸುಸ್ತು ಎಂದರೆ ನಂಬುವುದು ಹೇಗೆ?’ ಇನ್ಸುಲಿನ್ ಚುಚ್ಚಿಕೊಳ್ಳುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಓದು ತಪ್ಪಿಸಿಕೊಳ್ಳಲು ಹೂಡಿದ ಆಟ ಎಂದು ಗದರಿಸುವವರೂ ಉಂಟು. ಆದರೆ ಊಟವಾದ ಒಂದೆರಡು ಗಂಟೆಯಲ್ಲೇ ರಕ್ತದಲ್ಲಿನ ಸಕ್ಕರೆ ಕುಸಿಯುವುದು ಖಂಡಿತ ಸಾಧ್ಯ. ಮಗು ಬೆವರಿ, ಕೈ ನಡುಗಿ, ಮಂಕಾಗಿ ಕುಳಿತರೆ ಅಥವಾ ಕಾರಣವಿಲ್ಲದೆ ಸಿಡುಕಿದರೆ ಗದರಿಸುವ ಮೊದಲು ಬೆರಳು ಚುಚ್ಚಿ ನೋಡಿ.

ಹೀಗೇಕೆ ಆಗುತ್ತದೆ? ಆರೋಗ್ಯವಂತರ ಮೇದೋಜೀರಕ ಗ್ರಂಥಿ ಬೇಕಾದಷ್ಟೇ ಇನ್ಸುಲಿನ್ ಸುರಿಸಿ, ಸಕ್ಕರೆ ಇಳಿದೊಡನೆ ಕೈ ಬಿಗಿ ಹಿಡಿಯುತ್ತದೆ. ಸಿರಿಂಜಿನಿಂದ ಒಳಹೋದ ಇನ್ಸುಲಿನ್‌ಗೆ ಈ ವಿವೇಕವಿಲ್ಲ. ಒಮ್ಮೆ ಒಳಹೋಯಿತೆಂದರೆ ವಾಪಸು ಕರೆಯುವಂತಿಲ್ಲ. ಹಳೆಯ ‘ರೆಗ್ಯುಲರ್’ ಇನ್ಸುಲಿನ್ ಅರ್ಧ ಗಂಟೆಗೆ ಕೆಲಸ ಶುರುಮಾಡಿ, ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ತನ್ನ ಪೂರ್ತಿ ಬಲ ತೋರಿಸುತ್ತದೆ. ಲಿಸ್‌ಪ್ರೊದಂಥ ಹೊಸವು ಕಾಲು ಗಂಟೆಯಲ್ಲೇ ಶುರುವಾಗಿ ಒಂದೆರಡು ಗಂಟೆಯಲ್ಲಿ ತುದಿ ಮುಟ್ಟುತ್ತವೆ. ಮದುವೆ ಮನೆಯಲ್ಲಿ ‘ಇನ್ನೇನು ಎಲೆ ಹಾಕುತ್ತಾರೆ’ ಎಂದು ಚುಚ್ಚಿಸಿಕೊಂಡು ಕೂತರೆ, ಪಂಕ್ತಿ ಏಳುವುದೇ ಮುಕ್ಕಾಲು ಗಂಟೆ ತಡ! ಎರಡು ಮುದ್ದೆಯ ಲೆಕ್ಕಕ್ಕೆ ಡೋಸ್ ತೆಗೆದುಕೊಂಡ ಹುಡುಗ ಒಂದೇ ಮುದ್ದೆಗೆ ಎದ್ದರೂ ಅಷ್ಟೇ. ಊಟವಾಗಿ ಎರಡು ಗಂಟೆಗೆ ಸಕ್ಕರೆ ಹೆಚ್ಚಿದೆಯೆಂದು ಗಾಬರಿಯಾಗಿ ಮತ್ತೊಂದು ಡೋಸ್ ಕೊಡುವುದು ಇನ್ನೂ ಅಪಾಯ. ಮೊದಲಿನದು ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ.

ಇದರ ಜೊತೆಗೆ ಆಟ ಸೇರಿದರೆ ಲೆಕ್ಕ ಇನ್ನಷ್ಟು ತೊಡಕು. ಓಡುವ ಸ್ನಾಯು ಇನ್ಸುಲಿನ್ ನೆರವು ಅಷ್ಟಾಗಿ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ತೊಡೆಗೆ ಚುಚ್ಚಿಕೊಂಡು ತಕ್ಷಣ ಖೊಖೊ ಆಡಿದರೆ ಇನ್ಸುಲಿನ್ ಬೇಗ ರಕ್ತಕ್ಕಿಳಿಯುತ್ತದೆ. ಅಂಥ ದಿನ ಹೊಟ್ಟೆಗೆ ಚುಚ್ಚಿಕೊಳ್ಳುವುದು ಮೇಲು. ಹಲವು ತಂದೆ ತಾಯಿಯರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಆಟ ಮುಗಿದ ಮೇಲೂ ಸ್ನಾಯುಗಳು ಖಾಲಿಯಾದ ಗ್ಲೈಕೋಜನ್ ಉಗ್ರಾಣ ತುಂಬಿಕೊಳ್ಳಲು ಗಂಟೆಗಟ್ಟಲೆ ಸಕ್ಕರೆ ಹೀರುತ್ತವೆ, ಕೆಲವೊಮ್ಮೆ ಮಾರನೆಯ ದಿನದವರೆಗೂ. ಸಂಜೆ ಕಬಡ್ಡಿ ಆಡಿದವನಿಗೆ ನಡುರಾತ್ರಿ ಸಕ್ಕರೆ ಇಳಿಯುವುದು ಹೀಗೆ. ಬೆವರಿನಿಂದ ಒದ್ದೆಯಾದ ದಿಂಬು, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು ಅದರ ಗುರುತುಗಳು. ಕ್ರೀಡಾಕೂಟದ ದಿನ ಮಲಗುವ ಮುಂಚೆ ಒಮ್ಮೆ, ರಾತ್ರಿ ಎರಡು ಮೂರು ಗಂಟೆಗೆ ಇನ್ನೊಮ್ಮೆ ಪರೀಕ್ಷಿಸುವುದು ತಾಯಿಗೆ ಕಷ್ಟವೇ ಸರಿ, ಆದರೆ ಬಿಡುವಂತಿಲ್ಲ.

ಹಾಗೆಂದು ಆಟವನ್ನೇ ನಿಲ್ಲಿಸಿಬಿಡುವುದೆ? ಬೇಡ. ಪಾಕಿಸ್ತಾನದ ವಾಸಿಂ ಅಕ್ರಂಗೆ 1997ರಲ್ಲಿ ಮಧುಮೇಹ ಪತ್ತೆಯಾಯಿತು. 1999ರಲ್ಲಿ ಅವರೇ ನಾಯಕರಾಗಿ ತಂಡವನ್ನು ವಿಶ್ವಕಪ್ ಫೈನಲಿಗೆ ಒಯ್ದರು. ಆಟಕ್ಕೆ ಮೊದಲು ಸಕ್ಕರೆ 90 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣು ತಿಂದು, ಏರಿದ ಮೇಲೆ ಕಣಕ್ಕಿಳಿಯಲಿ. 250 ದಾಟಿ, ಮೂತ್ರದಲ್ಲಿ ಕೀಟೋನ್ ಕೂಡ ಇದ್ದರೆ ಅಂದು ಆಟ ಬೇಡ, ವೈದ್ಯರಿಗೆ ತಿಳಿಸಿ. ಆಡುವ ದಿನ ಹಿಂದಿನ ಊಟದ ಡೋಸ್ ಎಷ್ಟು ಇಳಿಸಬೇಕೆಂಬುದನ್ನೂ ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ಪಕ್ಕದ ಮನೆಯವರ ಲೆಕ್ಕ ನಿಮ್ಮ ಮಗುವಿಗೆ ಹೊಂದದು.

ಸಕ್ಕರೆ 70ಕ್ಕಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ. ತೀರ ಚಿಕ್ಕ ಮಕ್ಕಳಿಗೆ ಇದರ ಅರ್ಧ ಸಾಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಮುಂದಿನ ಊಟ ದೂರವಿದ್ದರೆ ಮೇಲೆ ಒಂದಿಷ್ಟು ಬಿಸ್ಕತ್ತೋ ಇಡ್ಲಿಯೋ ಇರಲಿ. ಚಾಕೊಲೇಟ್, ಮೈಸೂರುಪಾಕು ಈ ಹೊತ್ತಿಗಲ್ಲ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ‘ಡಯಟ್’ ಎಂದು ಬರೆದ ತಂಪು ಪಾನೀಯದಲ್ಲಂತೂ ಸಕ್ಕರೆಯೇ ಇರುವುದಿಲ್ಲ. ಗ್ಲೂಕೋಮೀಟರ್ ಹತ್ತಿರವಿಲ್ಲವೆ? ಮೊದಲು ಸಕ್ಕರೆ ಕೊಡಿ, ಆಮೇಲೆ ಮೀಟರ್ ಹುಡುಕಿ.

ಮಗು ಪ್ರಜ್ಞೆ ತಪ್ಪಿದ್ದರೆ ಅಥವಾ ನುಂಗಲಾರದಿದ್ದರೆ ಬಾಯಿಗೆ ನೀರನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಹೋದೀತು. ಮಗ್ಗುಲಾಗಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ವೈದ್ಯರು ಮೊದಲೇ ಗ್ಲುಕಗಾನ್ ಇಂಜೆಕ್ಷನ್ ಕೊಟ್ಟು ಕಲಿಸಿದ್ದರೆ ಅದನ್ನು ಕೊಡಿ. ಇನ್ಸುಲಿನ್ ಮಾತ್ರ ಬೇಡವೇ ಬೇಡ.

ಇಷ್ಟೆಲ್ಲ ಮನೆಯವರಿಗೆ ಗೊತ್ತಿದ್ದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ? ಬಹಳ ಮನೆಗಳಲ್ಲಿ ಕಾಯಿಲೆಯನ್ನು ಮುಚ್ಚಿಡುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳದು. ಮುಂದೆ ಸಂಬಂಧ ಕೂಡಿಬರುವುದಿಲ್ಲವೆಂಬ ಭಯ. ಆ ಭಯ ಎಲ್ಲಿಂದ ಬಂತೆಂಬುದು ನಮ್ಮ ಸಮಾಜಕ್ಕೆ ಗೊತ್ತಿರುವುದೇ. ಆದರೆ ಹತ್ತು ವರ್ಷದ ಆಚೆಗಿನ ಮದುವೆಯ ಚಿಂತೆಯಲ್ಲಿ ಇವತ್ತಿನ ಪಿ.ಟಿ. ಪೀರಿಯಡ್ ಮರೆತರೆ ಹೇಗೆ? ಮೈದಾನದಲ್ಲಿ ಹುಡುಗಿ ಕುಸಿದಾಗ, ಬಿಸಿಲಿಗೆ ತಲೆ ತಿರುಗಿತೆಂದು ಟೀಚರು ನೆರಳಲ್ಲಿ ಮಲಗಿಸಿ ಸುಮ್ಮನಾಗುತ್ತಾರೆ. ಸಕ್ಕರೆ ಕೊಡಬೇಕೆಂದು ಅವರಿಗೆ ಹೇಳಿದವರು ಯಾರು? ಕ್ಲಾಸ್ ಟೀಚರು, ಪಿ.ಟಿ. ಮೇಷ್ಟರು ಮತ್ತು ಪಕ್ಕ ಕೂರುವ ಒಬ್ಬ ಗೆಳತಿ, ಇಷ್ಟು ಜನಕ್ಕಾದರೂ ತಿಳಿದಿರಲೇಬೇಕು.

ವಿದ್ಯಾರ್ಥಿಗಳೇ, ಗ್ಲೂಕೋಸ್ ಪೊಟ್ಟಣ ಬ್ಯಾಗಿನಲ್ಲಿದ್ದರೆ ಸಾಲದು, ಜೇಬಿನಲ್ಲಿರಲಿ. ಬ್ಯಾಗು ಕ್ಲಾಸಿನಲ್ಲಿರುತ್ತದೆ, ನೀವು ಮೈದಾನದಲ್ಲಿ! ತರಗತಿಯ ನಡುವೆ ನಡುಕ ಬಂದರೆ ಅಪ್ಪಣೆಗೆ ಕಾಯದೆ ಬಾಯಿಗೆ ಹಾಕಿಕೊಳ್ಳಿ. ಅದು ತಿಂಡಿಯಲ್ಲ, ಔಷಧಿ. ಪರೀಕ್ಷೆಯ ದಿನ ಹಾಲ್‌ಗೆ ಹೋಗುವ ಮುನ್ನ ಒಮ್ಮೆ ಸಕ್ಕರೆ ನೋಡಿಕೊಳ್ಳಿ, ಇಳಿದ ಸಕ್ಕರೆಯಲ್ಲಿ ಬಲ್ಲ ಲೆಕ್ಕವೂ ತಪ್ಪುತ್ತದೆ. ಸಿ.ಬಿ.ಎಸ್.ಇ. ಮಂಡಳಿ ಇಂಥ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರನ್ನು ಪರೀಕ್ಷಾ ಕೊಠಡಿಗೆ ಒಯ್ಯಬಹುದೆಂದು 2017ರಲ್ಲಿ ಒಪ್ಪಿಗೆ ಕೊಟ್ಟಿತು. ಬೇರೆ ಮಂಡಳಿಯ ಪರೀಕ್ಷೆ ಬರೆಯುವವರು ವೈದ್ಯರ ಪತ್ರ ಹಿಡಿದು, ಹಾಲ್ ಟಿಕೆಟ್ ಬರುವುದಕ್ಕೂ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ಅನುಮತಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು.